ತಂತಿ ಇಳಿದ ಹಳ್ಳಿ: ಐರ್ಲೆಂಡಿನ ನೈಟ್ಸ್‌ಟೌನ್‌ನಲ್ಲಿ ಐದು ದಿನ

ಐರ್ಲೆಂಡಿನ ನೈಋತ್ಯ ತುದಿಯಲ್ಲಿ ಕೆರ್ರಿ ಕೌಂಟಿ. ಅದರ ಅಂಚಿಗೆ ಆತುಕೊಂಡಂತೆ ವ್ಯಾಲೆನ್ಶಿಯಾ ದ್ವೀಪ: ಸುಮಾರು 11 ಕಿಲೋಮೀಟರ್ ಉದ್ದ, 3 ಕಿಲೋಮೀಟರ್ ಅಗಲ, ಏಳುನೂರಕ್ಕೂ ಕಡಿಮೆ ಜನ. ಹೆಸರು ಕೇಳಿದ ಕೂಡಲೇ ಸ್ಪೇನ್ ನೆನಪಾಗುತ್ತದೆ, ಆದರೆ ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಐರಿಷ್ ಭಾಷೆಯಲ್ಲಿ 'ದ್ವೀಪದ ಬಾಯಿ' ಎನ್ನುವ ಅರ್ಥದ 'ಬೇಲ್ ಇನ್ಶೆ' ಎಂಬ ಮಾತು ಇಂಗ್ಲಿಷರ ನಾಲಿಗೆಯಲ್ಲಿ ಹೀಗಾಯಿತು. ದ್ವೀಪದ ಪೂರ್ವ ತುದಿಯಲ್ಲಿ, ಬಂದರಿಗೆ ಮುಖ ಮಾಡಿ ಕೂತ ಹಳ್ಳಿಯೇ ನೈಟ್ಸ್‌ಟೌನ್.

ಕೆರ್ರಿಗೆ ಬರುವವರಲ್ಲಿ ಹೆಚ್ಚಿನವರು ಈ ಹಳ್ಳಿಯನ್ನು ಅರ್ಧ ಗಂಟೆಯಲ್ಲಿ ದಾಟಿಬಿಡುತ್ತಾರೆ. ಗಡಿಯಾರದ ಗೋಪುರದ ಮುಂದೆ ಒಂದು ಫೋಟೊ, ಒಂದು ಐಸ್‌ಕ್ರೀಮ್, ಅಲ್ಲಿಗೆ ಮುಗಿಯಿತು. ಇದು ದೊಡ್ಡ ನಷ್ಟ. ಯುರೋಪು ಮತ್ತು ಅಮೆರಿಕದ ನಡುವೆ ಕಡಲ ತಳದಲ್ಲಿ ಮೊದಲ ಟೆಲಿಗ್ರಾಫ್ ತಂತಿ ಓಡಿದ್ದು ಇಲ್ಲಿಂದ. ಬೆನ್ನುಮೂಳೆಯ ಪ್ರಾಣಿ ನೆಲದ ಮೇಲೆ ನಡೆದ ಅತಿ ಹಳೆಯ ಗುರುತುಗಳಲ್ಲಿ ಒಂದು ಇರುವುದೂ ಇಲ್ಲೇ. ಹಳ್ಳಿಯಲ್ಲಿ ಏನೇನು ಇದೆಯೋ ಅದೆಲ್ಲ ಇಲ್ಲಿಗೆ ಬಂದದ್ದು ಒಂದೇ ಕಾರಣಕ್ಕೆ: ಈ ನೆಲ ಖಂಡದ ಕೊನೆಯ ತುಂಡು. ಅದು ಕಣ್ಣಿಗೆ ಬೀಳಬೇಕಾದರೆ ಐದು ದಿನ ಬೇಕು.

ಹೊರಡುವ ಮೊದಲು ಒಂದೆರಡು ಮಾತು. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ಕೂಟದೊಳಗೆ ಐರ್ಲೆಂಡ್ ಇಲ್ಲ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಐರ್ಲೆಂಡಿನ ವೀಸಾ ಬೇರೆಯಾಗಿಯೇ ಬೇಕು. ಬ್ರಿಟನ್ನಿಗೂ ಹೋಗುವ ಯೋಚನೆಯಿದ್ದರೆ ಎರಡೂ ದೇಶಗಳಿಗೆ ಒಂದೇ ವೀಸಾ ಸಾಲುವ ಬ್ರಿಟಿಷ್-ಐರಿಷ್ ವೀಸಾ ಯೋಜನೆ ಭಾರತೀಯರಿಗೆ ಉಂಟು. ಅರ್ಜಿ ಹಾಕುವಾಗಲೇ ಅದನ್ನು ನೋಡಿಕೊಳ್ಳಿ. ಬರಲು ಒಳ್ಳೆಯ ಕಾಲ ಮೇ ನಡುವಿನಿಂದ ಸೆಪ್ಟೆಂಬರ್‌ವರೆಗೆ. ಈ ಜಾಗ ಗ್ರೀನಿಚ್‌ನಿಂದ ಹತ್ತು ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದ್ದರೂ ಗಡಿಯಾರ ಲಂಡನ್ನಿನದೇ. ಹಾಗಾಗಿ ಸೂರ್ಯ ಸುಮಾರು 41 ನಿಮಿಷ ಹಿಂದೆ ಓಡುತ್ತಾನೆ, ಜೂನ್‌ನಲ್ಲಿ ರಾತ್ರಿ ಹತ್ತರ ಹೊತ್ತಿಗೂ ಬೆಳಕಿರುತ್ತದೆ. ವರ್ಷಕ್ಕೆ ಸುಮಾರು 1500 ಮಿಲಿಮೀಟರ್ ಮಳೆ. ನಮ್ಮ ಕರಾವಳಿಯವರಿಗೆ ಈ ಅಂಕಿ ದೊಡ್ಡದಲ್ಲ. ಆದರೆ ನಮ್ಮಲ್ಲಿ ನಾಲ್ಕು ತಿಂಗಳಲ್ಲಿ ಸುರಿದು ಮುಗಿಯುವುದು ಇಲ್ಲಿ ಹನ್ನೆರಡು ತಿಂಗಳೂ ಚೂರುಚೂರಾಗಿ ಬೀಳುತ್ತದೆ. ಕೊಡೆ ತರಬೇಡಿ, ಗಾಳಿ ಅದನ್ನು ಮೊದಲ ಗಂಟೆಯಲ್ಲೇ ಮುರಿದು ಹಾಕುತ್ತದೆ. ಟೊಪ್ಪಿಗೆ ಇರುವ ಮಳೆ ಅಂಗಿ, ಮಳೆ ಪ್ಯಾಂಟು, ಅಡಿ ಹಿಡಿಯುವ ಬೂಟು ಸಾಕು.

ಮೊದಲ ದಿನ: ಕಿಲಾರ್ನಿಯಿಂದ ಹಳ್ಳಿಗೆ

ಡಬ್ಲಿನ್‌ನಿಂದ ಕಿಲಾರ್ನಿಗೆ ರೈಲಿದೆ, ಹೆಚ್ಚಿನ ರೈಲುಗಳಿಗೆ ಮ್ಯಾಲೋದಲ್ಲಿ ಇಳಿದು ಹತ್ತಬೇಕು. ಕಿಲಾರ್ನಿಯಿಂದ ಕಿಲಾರ್ಗ್ಲಿನ್ ಮೇಲೆ ಕಾಹರ್ಸಿವೀನ್ ಪೇಟೆಗೆ ಅರವತ್ತು ಕಿಲೋಮೀಟರ್ ಚಿಲ್ಲರೆ. ಬಸ್ಸು ಇದೆ, ಆದರೆ ದಿನಕ್ಕೆ ಎಣಿಸುವಷ್ಟೇ. ಒಂದು ತಪ್ಪಿದರೆ ಅರ್ಧ ದಿನ ಹೋಯಿತು. ದ್ವೀಪದೊಳಗೆ ಓಡಾಡಲು ಬಸ್ಸನ್ನು ನಂಬಿಕೊಳ್ಳುವ ಹಾಗಿಲ್ಲ. ಬಾಡಿಗೆ ಕಾರು ಇದ್ದರೆ ಸಲೀಸು. ಓಡಿಸುವುದು ನಮ್ಮಂತೆ ಎಡಬದಿಯಲ್ಲೇ. 2025ರ ಫೆಬ್ರುವರಿಯಿಂದ ಹಳ್ಳಿಗಾಡಿನ ಸಣ್ಣ ರಸ್ತೆಗಳ ವೇಗಮಿತಿಯನ್ನು 80ರಿಂದ 60 ಕಿಲೋಮೀಟರಿಗೆ ಇಳಿಸಿದ್ದಾರೆ. ಆದರೂ ಎಷ್ಟೋ ಕಡೆ ನಲವತ್ತೇ ಹೆಚ್ಚು. ಎರಡೂ ಬದಿ ಕಲ್ಲುಗೋಡೆಯ ಮೇಲೆ ಬೇಲಿ ಬೆಳೆದಿರುತ್ತದೆ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಯಾರಾದರೂ ಒಬ್ಬರು ಹಿಂದೆ ಹೋಗಬೇಕು. ಕಾರು ಆರಿಸುವಾಗ ಅಗಲ ಕಡಿಮೆ ಇರುವುದನ್ನೇ ಕೇಳಿ.

ಕಾಹರ್ಸಿವೀನ್‌ನಿಂದ ನಾಲ್ಕೈದು ಕಿಲೋಮೀಟರ್ ಪಶ್ಚಿಮಕ್ಕೆ ಹೋದರೆ ರೀನಾರ್ಡ್ ಪಾಯಿಂಟ್. ಈಗ ಅಲ್ಲಿ ಲಾಂಚಿನ ಇಳಿಜಾರು ಮಾತ್ರ ಗಮನಕ್ಕೆ ಬರುತ್ತದೆ. 1893ರಿಂದ 1960ರವರೆಗೆ ಇಲ್ಲೊಂದು ರೈಲು ನಿಲ್ದಾಣವಿತ್ತು. ಫ್ಯಾರನ್‌ಫೋರ್‌ನಿಂದ ಬೆಟ್ಟದ ಮಗ್ಗುಲಲ್ಲಿ ಬಳಸುತ್ತ ಬಂದ ಕವಲು ದಾರಿ ನೀರಿನ ಅಂಚಿಗೆ ಮುಗಿಯುತ್ತಿತ್ತು. ಯುರೋಪಿನ ಅತ್ಯಂತ ಪಶ್ಚಿಮದ ರೈಲು ನಿಲ್ದಾಣ ಅದು, ಹೆಸರು ವ್ಯಾಲೆನ್ಶಿಯಾ ಹಾರ್ಬರ್.

ವಾಹನ ಸಾಗಿಸುವ ಲಾಂಚ್ ಸುಮಾರು ಏಪ್ರಿಲ್‌ನಿಂದ ಸೆಪ್ಟೆಂಬರ್ ಕೊನೆಯವರೆಗೆ ಓಡುತ್ತದೆ. ಮುಂಗಡ ಟಿಕೆಟ್ ಇಲ್ಲ, ಸಾಲಿನಲ್ಲಿ ನಿಂತರಾಯಿತು. ಐದು ನಿಮಿಷದ ದಾರಿ. ಚಳಿಗಾಲದಲ್ಲಿ ಪೋರ್ಟ್‌ಮಗೀ ಊರಿನ ಸೇತುವೆಯ ಮೂಲಕ ಸುತ್ತಿ ಬರಬೇಕು. ಆ ಸೇತುವೆ ಕಟ್ಟಿದ್ದು 1970ರಲ್ಲಿ, ಅಲ್ಲಿಯವರೆಗೆ ಇಲ್ಲಿಯವರಿಗೆ ದೋಣಿಯೊಂದೇ ಗತಿ. ಸೇತುವೆ ಇದ್ದರೂ ಮೊದಲ ಸಲ ಬರುವವರು ಲಾಂಚಿನಲ್ಲೇ ಬರಬೇಕು. ಈ ಹಳ್ಳಿಯನ್ನು ನೀರಿನ ಕಡೆಯಿಂದ ನೋಡಲೆಂದೇ ಕಟ್ಟಿದ್ದಾರೆ: ಮುಂದೆ ಧಕ್ಕೆ, ಧಕ್ಕೆಯ ಮೇಲೆ ಗಡಿಯಾರದ ಗೋಪುರ, ಹಿಂದೆ ಹೋಟೆಲಿನ ಉದ್ದನೆಯ ಮುಖ, ಅದರ ಹಿಂದೆ ನೆಟ್ಟಗೆ ಏರುವ ಬೀದಿಗಳು.

ಐರ್ಲೆಂಡಿನ ಹಳ್ಳಿಗಳು ಸಾಮಾನ್ಯವಾಗಿ ದಾರಿ ಹೋದ ಕಡೆಗೆ ಬೆಳೆದವು. ನೈಟ್ಸ್‌ಟೌನ್ ಹಾಗಲ್ಲ, ಕಾಗದದ ಮೇಲೆ ಗೆರೆ ಎಳೆದು ಕಟ್ಟಿದ್ದು. ಇಲ್ಲಿಯ ಜಮೀನ್ದಾರರು ಫಿಟ್ಸ್‌ಜೆರಾಲ್ಡ್ ಮನೆತನದವರು, ಪರಂಪರೆಯಿಂದ ಬಂದ ಅವರ ಬಿರುದು 'ನೈಟ್ ಆಫ್ ಕೆರ್ರಿ'. 1830ರ ಸುಮಾರಿಗೆ ಮಾರಿಸ್ ಫಿಟ್ಸ್‌ಜೆರಾಲ್ಡ್ ಸ್ಕಾಟ್ಲೆಂಡಿನ ಎಂಜಿನಿಯರ್ ಅಲೆಕ್ಸಾಂಡರ್ ನಿಮ್ಮೋನಿಂದ ಊರಿನ ನಕ್ಷೆ ಮಾಡಿಸಿದರು. ಊರಿನ ಹೆಸರಿನಲ್ಲಿರುವ 'ನೈಟ್' ಆ ಬಿರುದೇ. ಬೀದಿಗಳು ಇಷ್ಟು ಸಣ್ಣ ಊರಿಗೆ ಬೇಕಾದ್ದಕ್ಕಿಂತ ಅಗಲ. ದೊಡ್ಡದಾಗಿ ಬೆಳೆಯುತ್ತದೆ ಎಂಬ ನಂಬಿಕೆ ಆ ಅಗಲದಲ್ಲಿ ಇನ್ನೂ ಉಳಿದಿದೆ. ಗೋಪುರದ ಪಕ್ಕದಲ್ಲಿ ತೂಕದ ಕಟ್ಟೆಯ ಜಾಗವನ್ನೂ ನೋಡಿ. ಸರಕು ಹಡಗಿಗೆ ಏರುವ ಮೊದಲು ತೂಕವಾಗಬೇಕಿತ್ತು. ಇಲ್ಲಿ ಗಡಿಯಾರ ನಿಲ್ಲಿಸಿದ್ದು ಅಂದಕ್ಕಲ್ಲ, ಕೆಲಸಕ್ಕೆ.

ಧಕ್ಕೆಯ ಬಳಿ ಕಿತ್ತಳೆ-ನೀಲಿ ಬಣ್ಣದ ರಕ್ಷಣಾ ದೋಣಿ ಕಟ್ಟಿರುತ್ತದೆ. ಈ ಠಾಣೆ 1864ರಲ್ಲಿ ಶುರುವಾಗಿ, 1896ರಲ್ಲಿ ಮುಚ್ಚಿ, 1946ರಲ್ಲಿ ಮತ್ತೆ ತೆರೆಯಿತು.

ಊಟದ ಮಾತು. ಮೀನು ತಿನ್ನುವವರಿಗೆ ಇಲ್ಲಿ ಹಬ್ಬ: ಕೆನೆ ಹಾಕಿದ ಮೀನಿನ ಗಟ್ಟಿ ಸೂಪಾದ ಚೌಡರ್, ಏಡಿ, ಬಂಗುಡೆ. ಸಸ್ಯಾಹಾರಿಗಳು ಒಂದು ವಿಷಯ ಕೇಳಿಯೇ ತಿನ್ನಬೇಕು. ಫಲಕದಲ್ಲಿ 'ತರಕಾರಿ ಸೂಪ್' ಎಂದಿದ್ದರೂ ಕೆಳಗಿನ ಸಾರು ಕೋಳಿಯದಾಗಿರುವುದುಂಟು. ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಸೋಡಾ ಹಾಕಿದ ಕಂದು ಬ್ರೆಡ್ಡು, ಬೆಣ್ಣೆ, ಆಲೂಗಡ್ಡೆ ಎಲ್ಲ ಕಡೆಯೂ ಸಿಗುತ್ತವೆ. ರಾತ್ರಿ ಅಡುಗೆಮನೆಗಳು ಬೇಗ ಮುಚ್ಚುತ್ತವೆ. ಬೆಳಕಿದೆ ಎಂದು ಒಂಬತ್ತೂವರೆಗೆ ಹೋದರೆ ಹಸಿದು ಮಲಗಬೇಕಾದೀತು. ಕಾಹರ್ಸಿವೀನ್‌ನಲ್ಲೇ ಸಾಮಾನು ಕೊಂಡು ತರುವುದು ಜಾಣತನ.

ಎರಡನೆಯ ದಿನ: ಕಲ್ಲು, ಹೆಜ್ಜೆ, ದೀಪ

ಬೆಳಿಗ್ಗೆ ಉತ್ತರ ದಂಡೆಯ ಡೊಹಿಲ್ಲಾ ಕಡೆಗೆ. ದಾರಿ ಏರುತ್ತ ಹೋಗಿ ಒಂದು ದೊಡ್ಡ ಗವಿಯ ಮುಂದೆ ನಿಲ್ಲುತ್ತದೆ. ಅದು ಸ್ಲೇಟು ಕಲ್ಲಿನ ಗಣಿ, ತೆರೆದದ್ದು 1816ರಲ್ಲಿ. ಸ್ಲೇಟು ಎಂದರೆ ನಮಗೆ ಬಳಪದ ಹಲಗೆ, ಇಲ್ಲವೇ ಚಾವಣಿಯ ಹೆಂಚು. ವ್ಯಾಲೆನ್ಶಿಯಾದ ಕಲ್ಲಿನ ಗುಣ ಬೇರೆ. ತೆಳ್ಳಗೆ ಸೀಳುವುದಕ್ಕಿಂತ ದಪ್ಪ, ಅಗಲವಾದ ಚಪ್ಪಡಿಯಾಗಿ ತೆಗೆಯುವುದಕ್ಕೆ ಇದು ಹೇಳಿ ಮಾಡಿಸಿದ ಹಾಗೆ. ಹಾಗಾಗಿ ನೆಲಹಾಸು, ಕಪಾಟಿನ ಹಲಗೆ, ಬಿಲಿಯರ್ಡ್ಸ್ ಮೇಜಿನ ತಳ ಇದರ ಮುಖ್ಯ ವ್ಯಾಪಾರವಾಗಿತ್ತು. ಬಿಲಿಯರ್ಡ್ಸ್ ಮೇಜಿಗೆ ಮರದ ತಳ ಹಾಕಿದರೆ ತೇವಕ್ಕೆ ಉಬ್ಬಿ ಚೆಂಡು ಓರೆ ಓಡುತ್ತದೆ, ಕಲ್ಲು ಬಗ್ಗುವುದಿಲ್ಲ. ಲಂಡನ್ನಿನ ಸಂಸತ್ ಭವನಕ್ಕೂ ಪ್ಯಾರಿಸಿನ ಒಪೆರಾ ಮನೆಗೂ ಇಲ್ಲಿಯ ಕಲ್ಲು ಹೋಗಿದೆ. ಚಪ್ಪಡಿಗಳನ್ನು ಬೆಟ್ಟದಿಂದ ಇಳಿಸಿ, ನೈಟ್ಸ್‌ಟೌನ್‌ನ ಸ್ಲೇಟು ಅಂಗಳದಲ್ಲಿ ಯಂತ್ರದ ಗರಗಸದಿಂದ ಕೊಯ್ದು ಹಡಗಿಗೆ ಏರಿಸುತ್ತಿದ್ದರು. ನಿನ್ನೆ ಕಂಡ ಧಕ್ಕೆ, ತೂಕದ ಕಟ್ಟೆ, ಅಗಲದ ಬೀದಿ ಇವೆಲ್ಲ ಯಾಕೆ ಬೇಕಾದವು ಎನ್ನುವುದು ಇಲ್ಲಿ ನಿಂತಾಗ ತಿಳಿಯುತ್ತದೆ.

1911ರಲ್ಲಿ ಬಂಡೆ ಕುಸಿದ ಮೇಲೆ ಗಣಿ ನಿಂತಿತು. 1954ರಲ್ಲಿ ಗವಿಯ ಬಾಯಿಯ ಮೇಲೆ ಲೂರ್ದ್ ಮಾತೆಯ (ಕನ್ಯೆ ಮರಿಯಳ) ಮೂರ್ತಿ ಇಟ್ಟರು, ಮೇಲಿನಿಂದ ನೀರು ತೊಟ್ಟಿಕ್ಕುತ್ತಲೇ ಇರುತ್ತದೆ. 1990ರ ದಶಕದ ಕೊನೆಯಲ್ಲಿ ಕಲ್ಲು ತೆಗೆಯುವ ಕೆಲಸ ಮತ್ತೆ ಶುರುವಾಯಿತು. ಗಣಿಯೂ ಪೂಜೆಯ ಜಾಗವೂ ಒಂದೇ ಆಗಿರುವ ತಾಣ ಅಪರೂಪ. ಒಳಗೆ ಹೋಗಲು ಬಿಡುವುದಿಲ್ಲ, ಬೇಲಿಯ ಆಚೆ ಕಾಲಿಡಬೇಡಿ.

ಅಲ್ಲಿಂದ ಸ್ವಲ್ಪ ದೂರದಲ್ಲೇ ಕಡಲಿಗೆ ಇಳಿಯುವ ಕಾಲುದಾರಿ. ಕೆಳಗೆ ಬೂದು ಬಂಡೆಯ ಮೇಲೆ ಸಾಲಾಗಿ ಸಣ್ಣ ಗುಳಿಗಳು. ಸ್ವಿಟ್ಜರ್ಲೆಂಡಿನ ಭೂವಿಜ್ಞಾನದ ವಿದ್ಯಾರ್ಥಿ ಇವಾನ್ ಸ್ಟೋಸೆಲ್ 1990ರ ದಶಕದ ಆರಂಭದಲ್ಲಿ ಇವನ್ನು ಗುರುತಿಸುವವರೆಗೆ ಯಾರಿಗೂ ಇವುಗಳ ಬೆಲೆ ತಿಳಿದಿರಲಿಲ್ಲ. ನಾಲ್ಕು ಕಾಲಿನ ಒಂದು ಪ್ರಾಣಿ ಸುಮಾರು 38 ಕೋಟಿ 50 ಲಕ್ಷ ವರ್ಷಗಳ ಹಿಂದೆ ನದಿಯ ಪಕ್ಕದ ಹಸಿ ಹೂಳಿನಲ್ಲಿ ನಡೆದು ಹೋದ ಗುರುತು ಇದು. ಆಗ ಈ ನೆಲ ಭೂಮಧ್ಯರೇಖೆಯ ದಕ್ಷಿಣಕ್ಕಿತ್ತು. ಇದೇ ಬಂಡೆಯ ಪದರಗಳಲ್ಲಿ ಜ್ವಾಲಾಮುಖಿಯ ಬೂದಿಯ ಪದರ ಸಿಕ್ಕಿದ್ದರಿಂದ ವಯಸ್ಸು ಲೆಕ್ಕ ಹಾಕಲು ಸಾಧ್ಯವಾಯಿತು. ನನಗೆ ಮುಖ್ಯವಾಗಿ ಕಾಣುವುದು ಇದು: ಗಣಿಯಲ್ಲಿ ಚಪ್ಪಡಿಯಾಗಿ ಕೊಯ್ದ ಕಲ್ಲೂ ಹೆಜ್ಜೆ ಹಿಡಿದಿಟ್ಟ ಕಲ್ಲೂ ಒಂದೇ ಶಿಲಾಪದರದ್ದು. ನಯವಾದ ಹೂಳು ಗಟ್ಟಿಯಾಗಿ ಸ್ಲೇಟಾಯಿತು. ನಯವಾಗಿದ್ದುದರಿಂದಲೇ ಅದು ಒಳ್ಳೆಯ ಚಪ್ಪಡಿಯಾಯಿತು, ಹೆಜ್ಜೆಯನ್ನೂ ಉಳಿಸಿಕೊಂಡಿತು.

ನಡು ಮಧ್ಯಾಹ್ನ ಹೋದರೆ 'ಏನೂ ಕಾಣಲಿಲ್ಲ' ಎಂದು ವಾಪಸು ಬರಬೇಕಾಗುತ್ತದೆ. ಬೆಳಕು ನೆತ್ತಿಯ ಮೇಲಿದ್ದರೆ ಆಳವಿಲ್ಲದ ಗುಳಿಗಳಲ್ಲಿ ನೆರಳು ಬೀಳುವುದಿಲ್ಲ. ಸೂರ್ಯ ಕೆಳಗಿರುವ ಬೆಳಿಗ್ಗೆ ಇಲ್ಲವೇ ಸಂಜೆ ಹೋಗಿ, ಗುಳಿಗಳಲ್ಲಿ ಮಳೆನೀರು ನಿಂತಿದ್ದರೆ ಇನ್ನೂ ಚೆನ್ನಾಗಿ ಕಾಣುತ್ತವೆ. ಬಂಡೆಯ ಮೇಲೆ ಮಾತ್ರ ಕಾಲಿಡಬೇಡಿ: ಗುರುತು ಸವೆಯುತ್ತದೆ, ಪಾಚಿಗೆ ಜಾರುತ್ತದೆ ಕೂಡ.

ಈ ದಾರಿಯ ಹತ್ತಿರ ಎತ್ತರದ ಆಂಟೆನಾಗಳ ಒಂದು ಕಟ್ಟಡವಿದೆ. ಅದು ವ್ಯಾಲೆನ್ಶಿಯಾ ರೇಡಿಯೊ, 1914ರಿಂದ ಇಲ್ಲಿದೆ. ಈಗ ಐರಿಷ್ ಕರಾವಳಿ ರಕ್ಷಣಾ ಪಡೆಯ ಕೇಂದ್ರ. 1985ರ ಜೂನ್ 23ರ ಬೆಳಿಗ್ಗೆ ಏರ್ ಇಂಡಿಯಾದ 'ಕನಿಷ್ಕ' ವಿಮಾನ ರೇಡಾರಿನಿಂದ ಮರೆಯಾದಾಗ, ಆ ಕಡಲಿನಲ್ಲಿದ್ದ ಹಡಗುಗಳಿಗೆ ತುರ್ತು ಕರೆ ಹೋದದ್ದು ಈ ಕೇಂದ್ರದಿಂದ. ಕರೆ ಕೇಳಿ ದಿಕ್ಕು ತಿರುಗಿಸಿದ ಹಡಗುಗಳಲ್ಲಿ 'ಲಾರೆನ್ಷಿಯನ್ ಫಾರೆಸ್ಟ್' ಎಂಬ ಸರಕು ಹಡಗು ಮೊದಲು ಅವಶೇಷಗಳನ್ನು ಕಂಡಿತು. ಒಳಗೆ ಪ್ರವೇಶವಿಲ್ಲ, ಫಲಕವೂ ಇಲ್ಲ. ರಸ್ತೆಯಲ್ಲಿ ನಿಂತು ಒಂದು ಕ್ಷಣ ನೋಡಿ ಮುಂದೆ ಹೋಗಬಹುದು.

ಸಂಜೆಗೆ ಕ್ರಾಮ್‌ವೆಲ್ ಪಾಯಿಂಟಿನ ದೀಪಸ್ತಂಭ. ಹದಿನೇಳನೆಯ ಶತಮಾನದ ಕೋಟೆಯ ಗೋಡೆಯೊಳಗೆ ನಿಂತಿರುವ ಈ ದೀಪ ಮೊದಲು ಬೆಳಗಿದ್ದು 1841ರ ಫೆಬ್ರುವರಿ 1ರಂದು. 1947ರಿಂದ ಕಾವಲುಗಾರರಿಲ್ಲದೆ ತಾನೇ ಉರಿಯುತ್ತದೆ. ಬಂದರಿನ ಬಾಯಿ ಇಕ್ಕಟ್ಟು. ಎದುರಿಗೆ ಬೆಗಿನಿಷ್ ದ್ವೀಪ, ನಡುವೆ ಬಂಡೆಗಳು. ಹೊರಗಿನ ಅಲೆ ಒಳಗೆ ನುಗ್ಗದಂತೆ ಆ ದ್ವೀಪ ಅಡ್ಡಗಟ್ಟುವುದರಿಂದಲೇ ಒಳಗಿನ ನೀರು ಶಾಂತ. ಹಡಗಿಗೆ ಅದು ವರ, ಆದರೆ ಬಾಯಿ ಕಂಡುಹಿಡಿದರೆ ಮಾತ್ರ. ದೀಪ ಬೇಕಾದದ್ದು ಅದಕ್ಕೇ.

ಮೂರನೆಯ ದಿನ: ಕಡಲ ತಳದ ತಂತಿ

ಈ ದಿನವನ್ನು ಪೂರ್ತಿ ತಂತಿಗೇ ಇಡಿ. ಹಳೆಯ ಶಾಲೆಯ ಕಟ್ಟಡದಲ್ಲಿರುವ ಪರಂಪರೆ ಕೇಂದ್ರದಿಂದ ಶುರು ಮಾಡಿ ತಂತಿ ಕೇಂದ್ರಕ್ಕೆ ನಡೆದು ಹೋಗಬಹುದು. ಹೋಗುವ ಮೊದಲು ತಿಳಿದಿರಬೇಕಾದ ಕಥೆ ಇದು.

ವ್ಯಾಲೆನ್ಶಿಯಾದಿಂದ ಅಟ್ಲಾಂಟಿಕ್‌ನ ಆಚೆ ದಡದ ನ್ಯೂಫೌಂಡ್‌ಲ್ಯಾಂಡ್‌ಗೆ ಸುಮಾರು 3000 ಕಿಲೋಮೀಟರ್. ಎರಡು ಖಂಡಗಳ ಮಧ್ಯೆ ಇದಕ್ಕಿಂತ ಸಣ್ಣ ನೀರಿನ ದಾರಿ ಈ ಭಾಗದಲ್ಲಿಲ್ಲ. ಅಮೆರಿಕದ ವ್ಯಾಪಾರಿ ಸೈರಸ್ ಫೀಲ್ಡ್ ಬಂಡವಾಳ ಕೂಡಿಸಿದರು, ಹತ್ತೊಂಬತ್ತನೆಯ ನೈಟ್ ಆಫ್ ಕೆರ್ರಿ ಪೀಟರ್ ಫಿಟ್ಸ್‌ಜೆರಾಲ್ಡ್ ಈ ಕಡೆಯಿಂದ ಬೆನ್ನಿಗೆ ನಿಂತರು. 1857ರ ಕೇಬಲ್ಲನ್ನು ಒಳಗಿನಿಂದ ಹೊರಗೆ ಹೀಗೆ ಕಲ್ಪಿಸಿಕೊಳ್ಳಿ: ನಡುವೆ ಹುರಿ ಮಾಡಿದ ಏಳು ತಾಮ್ರದ ಎಳೆ. ಅದರ ಮೇಲೆ ಮೂರು ಪದರ ಗಟ್ಟಾಪರ್ಚಾ, ಅಂದರೆ ಮಲಯ ಸೀಮೆಯ ಮರದ ಹಾಲಿನಿಂದ ಮಾಡಿದ, ನೀರು ಒಳಗೆ ಬಿಡದ ಅಂಟು. ಅದರ ಮೇಲೆ ಟಾರು ಹಚ್ಚಿದ ಸೆಣಬು. ಹೊರಗೆ ಏಳೇಳು ಕಬ್ಬಿಣದ ತಂತಿಗಳನ್ನು ಹೊಸೆದ ಹದಿನೆಂಟು ಹುರಿ. ತೂಕ ಕಿಲೋಮೀಟರಿಗೆ ಸುಮಾರು 550 ಕಿಲೋ. ಇಡೀ ಕೇಬಲ್ ಹೊರುವ ಹಡಗು ಆಗ ಇರಲಿಲ್ಲ, ಅರ್ಧ ಬ್ರಿಟನ್ನಿನ 'ಅಗಮೆಮ್ನಾನ್' ಮೇಲೆ, ಇನ್ನರ್ಧ ಅಮೆರಿಕದ 'ನಯಾಗರ' ಮೇಲೆ ಹೋಯಿತು. ಎರಡು ಕಾರ್ಖಾನೆಗಳು ತಲಾ ಅರ್ಧ ಮಾಡಿದ್ದವು. ಒಬ್ಬರು ಎಡಕ್ಕೆ ಹೊಸೆದರೆ ಇನ್ನೊಬ್ಬರು ಬಲಕ್ಕೆ ಹೊಸೆದಿದ್ದಾರೆ ಎಂದು ತಿಳಿದದ್ದು ಕೆಲಸ ಮುಗಿಯುತ್ತ ಬಂದಾಗ. ಹಾಗೆಯೇ ಬೆಸೆದರೆ ಭಾರ ಬಿದ್ದಾಗ ಬೆಸುಗೆಯಲ್ಲಿ ಹುರಿ ಬಿಚ್ಚಿಕೊಳ್ಳುತ್ತದೆ. ಅದಕ್ಕೆ ಮರದ ಚೌಕಟ್ಟು ಮಾಡಿ ಬೆಸುಗೆಯನ್ನು ಹಿಡಿದಿಡಬೇಕಾಯಿತು.

1857ರ ಆಗಸ್ಟ್‌ನಲ್ಲಿ ಎದುರಿನ ಮುಖ್ಯ ನೆಲದ ಬ್ಯಾಲಿಕಾರ್ಬರಿ ಮರಳ ದಂಡೆಯಿಂದ ಹೊರಟರು. ಕೆಲವೇ ದಿನಗಳಲ್ಲಿ ತಂತಿ ತುಂಡಾಯಿತು. ಹಡಗಿನ ಹಿಂಭಾಗ ಅಲೆಯ ಮೇಲೇರಿದಾಗ ತಂತಿ ಬಿಗಿಯುತ್ತದೆ, ಆ ಕ್ಷಣ ಬ್ರೇಕು ಸಡಿಲ ಬಿಡಬೇಕು. ಬ್ರೇಕಿನ ಮುಂದಿದ್ದವನು ಬಿಗಿ ಹಿಡಿದ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಜೋತುಬಿದ್ದ ತಂತಿಯ ಭಾರದ ಮೇಲೆ ಆ ಎಳೆತವೂ ಸೇರಿದರೆ ಯಾವ ಕಬ್ಬಿಣ ತಡೆಯುತ್ತದೆ?

ಮರುವರ್ಷ ನಡುಗಡಲಿನಲ್ಲಿ ಬೆಸೆದು ಎರಡು ಹಡಗುಗಳೂ ಎದುರು ಬದುರು ದಿಕ್ಕಿಗೆ ಹೊರಟವು. ಹಲವು ಸಲ ತುಂಡಾಗಿ, ಕೊನೆಗೆ 1858ರ ಆಗಸ್ಟ್ 5ರಂದು ಈ ತುದಿ ನೈಟ್ಸ್‌ಟೌನ್‌ಗೂ ಆ ತುದಿ ನ್ಯೂಫೌಂಡ್‌ಲ್ಯಾಂಡಿನ ಟ್ರಿನಿಟಿ ಕೊಲ್ಲಿಗೂ ಮುಟ್ಟಿದವು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ 98 ಪದಗಳ ಸಂದೇಶಕ್ಕೆ 16 ಗಂಟೆ ಹಿಡಿಯಿತು, ಒಂದು ಪದಕ್ಕೆ ಹತ್ತು ನಿಮಿಷದ ಹತ್ತಿರ. ಆದರೂ ಹಡಗು ಹತ್ತು ದಿನ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ ಅದು ಪವಾಡವೇ. ಮೂರು ವಾರ ಚಿಲ್ಲರೆ ದಿನಗಳಲ್ಲಿ ತಂತಿ ಸತ್ತಿತು.

ಸತ್ತದ್ದು ಯಾಕೆ? ಕಡಲಿನಲ್ಲಿ ಮುಳುಗಿದ ತಂತಿ ಬರೀ ತಂತಿಯಲ್ಲ. ನಡುವೆ ತಾಮ್ರ, ಸುತ್ತ ಅಂಟು, ಅದರಾಚೆ ಉಪ್ಪುನೀರು. ಮೂರೂ ಸೇರಿ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಉದ್ದನೆಯ ಪಾತ್ರೆಯಾಗುತ್ತದೆ. ಈ ತುದಿಯಲ್ಲಿ ಚುಕ್ಕೆಯಾಗಿ ಹಾಕಿದ್ದು ಆ ತುದಿಯಲ್ಲಿ ಹರಡಿ ಬರುತ್ತದೆ. ಉದ್ದ ಎರಡರಷ್ಟಾದರೆ ತಡ ನಾಲ್ಕರಷ್ಟಾಗುತ್ತದೆ ಎಂದು ಗ್ಲಾಸ್ಗೋದ ವಿಲಿಯಂ ಥಾಮ್ಸನ್ ಮೊದಲೇ ಲೆಕ್ಕ ಹಾಕಿದ್ದರು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಹೆಸರಾದವರು ಇವರೇ. ತಾಮ್ರ ದಪ್ಪವಿರಲಿ, ಅಂಟು ದಪ್ಪವಿರಲಿ, ವಿದ್ಯುತ್ತು ಸಣ್ಣದಿರಲಿ, ಅದನ್ನು ಓದುವ ಉಪಕರಣ ಸೂಕ್ಷ್ಮವಿರಲಿ ಎನ್ನುವುದು ಅವರ ದಾರಿ. ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಇದನ್ನು ಒಪ್ಪಲಿಲ್ಲ. ಸಂಕೇತ ಕ್ಷೀಣವಾದಾಗ ದೊಡ್ಡ ಸುರುಳಿಗಳಿಂದ ಸುಮಾರು 2000 ವೋಲ್ಟ್ ಹರಿಸಿದರು. ಮೊದಲೇ ಬಿಸಿಲಿನಲ್ಲಿ ಬಿದ್ದು ಮೆದುವಾಗಿದ್ದ, ಕೆಲವೆಡೆ ತಾಮ್ರ ನಡುವಿನಿಂದ ಸರಿದಿದ್ದ ಅಂಟು ಆ ಹೊಡೆತಕ್ಕೆ ಕೊನೆಯುಸಿರೆಳೆಯಿತು. ವೈಟ್‌ಹೌಸ್ ಒಬ್ಬರ ಮೇಲೇ ತಪ್ಪು ಹೊರಿಸುವುದು ನ್ಯಾಯವಲ್ಲ. ಆ ಕೇಬಲ್ ಹುಟ್ಟುವಾಗಲೇ ಬಡವಾಗಿತ್ತು.

ಥಾಮ್ಸನ್ ಮಾಡಿದ ಕನ್ನಡಿ ಗ್ಯಾಲ್ವನೋಮೀಟರ್ ಇಡೀ ಕಥೆಯಲ್ಲೇ ಚೆಂದದ ವಸ್ತು. ರೇಷ್ಮೆ ಎಳೆಗೆ ಕಟ್ಟಿದ ಪುಟ್ಟ ಕನ್ನಡಿ, ಅದರ ಬೆನ್ನಿಗೆ ಸಣ್ಣ ಅಯಸ್ಕಾಂತದ ಚೂರುಗಳು, ಸುತ್ತ ತಂತಿಯ ಸುರುಳಿ. ಅತಿ ಸಣ್ಣ ವಿದ್ಯುತ್ತು ಬಂದರೂ ಕನ್ನಡಿ ಒಂದು ಕೂದಲೆಳೆ ತಿರುಗುತ್ತದೆ, ಅದರ ಮೇಲೆ ಬಿದ್ದ ದೀಪದ ಬೆಳಕು ಎದುರಿನ ಅಳತೆಪಟ್ಟಿಯ ಮೇಲೆ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಕತ್ತಲ ಕೋಣೆಯಲ್ಲಿ ಕೂತ ಕೆಲಸಗಾರ ಆ ಬೆಳಕಿನ ಚುಕ್ಕೆಯನ್ನೇ ನೋಡಿ ಅಕ್ಷರ ಹೇಳಬೇಕು.

1865ರ ಕೇಬಲ್ ಬೇರೆಯೇ ವಸ್ತು. ತಾಮ್ರ ಹೆಚ್ಚುಕಡಿಮೆ ಮೂರು ಪಟ್ಟು, ಅಂಟು ನಾಲ್ಕು ಪದರ, ತೂಕ ಕಿಲೋಮೀಟರಿಗೆ ಸುಮಾರು 980 ಕಿಲೋ. ಅಷ್ಟನ್ನೂ ಒಂದೇ ಸಲಕ್ಕೆ ಹೊರಲು 211 ಮೀಟರ್ ಉದ್ದದ 'ಗ್ರೇಟ್ ಈಸ್ಟರ್ನ್' ಹಡಗು ಬಂತು. ದಾರಿಯುದ್ದಕ್ಕೂ ತಂತಿಯಲ್ಲಿ ದೋಷ. ಎಳೆದು ನೋಡಿದರೆ ಕಬ್ಬಿಣದ ಸಣ್ಣ ಚೂರು ಅಂಟಿನೊಳಗೆ ಚುಚ್ಚಿ ನಿಂತಿದೆ. ಯಾರೋ ಬೇಕೆಂದೇ ಚುಚ್ಚಿದ್ದಾರೆ ಎಂದು ಕಾವಲು ಹಾಕಿದರು. ಕೊನೆಗೆ ತಿಳಿದದ್ದು, ಹೊರಗಿನ ಕಬ್ಬಿಣದ ತಂತಿಯೇ ಪೆಡಸಾಗಿ ಮುರಿದು, ಹಡಗಿನ ತೊಟ್ಟಿಯಲ್ಲಿ ಸುರುಳಿಯ ಭಾರಕ್ಕೆ ಒಳಗಿಳಿಯುತ್ತಿತ್ತು ಎಂದು. ಇಂಥದೇ ಒಂದು ದೋಷ ಸರಿಪಡಿಸಲು ಹಿಂದಕ್ಕೆ ಎಳೆಯುವಾಗ ಆಗಸ್ಟ್ 2ರಂದು ತಂತಿ ತುಂಡಾಗಿ ಕಡಲು ಸೇರಿತು. ಕೊಕ್ಕೆ ಇಳಿಸಿ ಹಿಡಿದರೂ ಎತ್ತುವ ಹಗ್ಗವೇ ಹರಿಯಿತು.

1866ರ ಜುಲೈ 13ಕ್ಕೆ ಮತ್ತೆ ಹೊರಟು, 27ಕ್ಕೆ ನ್ಯೂಫೌಂಡ್‌ಲ್ಯಾಂಡಿನ ಹಾರ್ಟ್ಸ್ ಕಂಟೆಂಟ್ ಎಂಬ ಹಳ್ಳಿಯಲ್ಲಿ ದಡ ಮುಟ್ಟಿಸಿದರು. ಅಷ್ಟಕ್ಕೇ ನಿಲ್ಲದೆ ಹಡಗು ಹಿಂದೆ ಹೋಗಿ, ಹಿಂದಿನ ವರ್ಷ ಕಳೆದ ತುದಿಯನ್ನು ಸಾವಿರಾರು ಮಾರು ಆಳದಿಂದ ಹಿಡಿದೆತ್ತಿ ಅದನ್ನೂ ಪೂರ್ತಿ ಮಾಡಿತು. ನಿಮಿಷಕ್ಕೆ ಎಂಟು ಪದದ ವೇಗ. ಆರಂಭದ ದರ ಇಪ್ಪತ್ತು ಪದಕ್ಕೆ 20 ಪೌಂಡ್, ಬಡವರ ಮಾತು ಇದರಲ್ಲಿ ಹೋಗುವಂತಿರಲಿಲ್ಲ. ಇದೇ ಗ್ರೇಟ್ ಈಸ್ಟರ್ನ್ 1870ರಲ್ಲಿ ಏಡನ್ ಮತ್ತು ಮುಂಬಯಿ ನಡುವೆ ತಂತಿ ಹಾಸಿತು. ಮುಂಬಯಿಗೆ ಕಡಲ ತಂತಿ ಬಂದದ್ದು ಇಲ್ಲಿ ಮುರಿದು ಮುರಿದು ಕಲಿತ ವಿದ್ಯೆಯಿಂದ.

ಈಗ ಕಟ್ಟಡ ನೋಡಿ. 1868ರಲ್ಲಿ ಆಂಗ್ಲೋ-ಅಮೆರಿಕನ್ ಟೆಲಿಗ್ರಾಫ್ ಕಂಪನಿ ಕಟ್ಟಿಸಿದ ತಂತಿ ಕೇಂದ್ರ, ಪಕ್ಕದಲ್ಲಿ ಸಿಬ್ಬಂದಿಯ ಸಾಲುಮನೆಗಳು. ಮೀನು ಹಿಡಿದು, ಆಲೂಗಡ್ಡೆ ಬೆಳೆದು ಬದುಕುತ್ತಿದ್ದ ದ್ವೀಪದ ನಡುವೆ ಸಂಬಳದ, ಪಾಳಿಯ, ಟೆನ್ನಿಸಿನ ಇನ್ನೊಂದು ಊರು ಇತ್ತು. ಎರಡೂ ಒಂದಾಗಲು ಕಾಲ ಹಿಡಿಯಿತು. ಕ್ರಮೇಣ ದ್ವೀಪದ ಹುಡುಗರೂ ತಂತಿ ಕೆಲಸಕ್ಕೆ ಸೇರಿದರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಡಬ್ಲಿನ್‌ನಲ್ಲಿ ಎದ್ದ 1916ರ ಈಸ್ಟರ್ ದಂಗೆಯ ಸುದ್ದಿ ಸೆನ್ಸಾರಿನ ಕಣ್ಣು ತಪ್ಪಿಸಿ ನ್ಯೂಯಾರ್ಕಿಗೆ ಹೋದದ್ದು ಇಲ್ಲಿಂದಲೇ. ಟಾಮ್ ಎಂಬವನಿಗೆ ಶಸ್ತ್ರಚಿಕಿತ್ಸೆ ಯಶಸ್ವಿಯಾಯಿತು ಎಂಬ ಮನೆ ಸುದ್ದಿಯ ವೇಷದಲ್ಲಿ, ತಂತಿ ಕೆಲಸಗಾರರಾದ ರಿಂಗ್ ಸೋದರರು ಅದನ್ನು ದಾಟಿಸಿದರು. 1966ರಲ್ಲಿ ಕೇಂದ್ರ ಮುಚ್ಚಿತು. ಈಗ ಒಳಗೆ ತಂತಿಯ ಪ್ರದರ್ಶನವಿದೆ. 2022ರಿಂದ ಈ ತಾಣ ಹಾರ್ಟ್ಸ್ ಕಂಟೆಂಟ್ ಜೊತೆಗೂಡಿ ವಿಶ್ವ ಪರಂಪರೆಗೆ ಐರ್ಲೆಂಡ್ ಮುಂದಿಟ್ಟ ಸಂಭಾವ್ಯ ಪಟ್ಟಿಯಲ್ಲಿದೆ. ಕೇಬಲ್ಲಿನ ಅಡ್ಡಕೊಯ್ತದ ತುಂಡುಗಳನ್ನು ಬಿಡದೆ ನೋಡಿ: ದಡದ ಭಾಗಕ್ಕೆ ಹಾಕಿದ್ದು ತೋಳಿನಷ್ಟು ದಪ್ಪ, ಆಳಕ್ಕೆ ಹಾಕಿದ್ದು ಹೆಬ್ಬೆರಳಿನಷ್ಟು. ದಡದಲ್ಲಿ ಅಲೆ ಬಂಡೆಗೆ ಉಜ್ಜುತ್ತದೆ, ಲಂಗರು ಸಿಕ್ಕಿಕೊಳ್ಳುತ್ತದೆ. ಆಳದಲ್ಲಿ ಮುಟ್ಟುವವರಿಲ್ಲ.

ನಾಲ್ಕನೆಯ ದಿನ: ಫಾಯ್ಲ್‌ಹೊಮ್ಮರಮ್, ಬ್ರೇ ಹೆಡ್

ದ್ವೀಪದ ಇನ್ನೊಂದು ತುದಿಗೆ ಸುಮಾರು ಹತ್ತು ಕಿಲೋಮೀಟರ್. ಫಾಯ್ಲ್‌ಹೊಮ್ಮರಮ್ ಎಂಬ ಬಂಡೆಗೋಡೆಯ ಸಣ್ಣ ಕೊಲ್ಲಿಯಲ್ಲಿ 1865 ಮತ್ತು 1866ರ ತಂತಿಗಳು ದಡ ಹತ್ತಿದವು. ಗ್ರೇಟ್ ಈಸ್ಟರ್ನ್‌ನಂಥ ಹಡಗು ಇಷ್ಟು ಹತ್ತಿರ ಬರುವಂತಿಲ್ಲ. ಸಣ್ಣ ಹಡಗು ದಪ್ಪ ತುದಿಯನ್ನು ಹೊರಗೆ ಒಯ್ದು ಬೆಸೆಯಬೇಕಿತ್ತು. ಮೇಲೆ ಹೊಲದಲ್ಲಿ ಮರದ ತಂತಿಮನೆ ಇತ್ತು. ಈಗ ಸ್ಲೇಟು ಕಲ್ಲಿನ ಸ್ಮಾರಕ ಮಾತ್ರ. ಅದೇ 1866ರಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಬೆಂಜಮಿನ್ ಗೂಲ್ಡ್ ಇಲ್ಲಿ ಬೀಡುಬಿಟ್ಟು, ತಂತಿಯ ಎರಡೂ ತುದಿಯ ಗಡಿಯಾರಗಳನ್ನು ಹೋಲಿಸಿ ಎರಡು ಖಂಡಗಳ ನಡುವಿನ ರೇಖಾಂಶವನ್ನು ಅಳೆದರು. ಅದಕ್ಕೂ ಮೊದಲು 1844ರಲ್ಲಿ ಬ್ರಿಟನ್ನಿನ ಖಗೋಳ ವಿಜ್ಞಾನಿ ಜಾರ್ಜ್ ಏರಿ ಇದೇ ದ್ವೀಪದ ರೇಖಾಂಶ ತಿಳಿಯಲು ಗ್ರೀನಿಚ್‌ನಿಂದ ಕ್ರೊನೋಮೀಟರ್ ಎಂಬ ನಿಖರ ಗಡಿಯಾರಗಳನ್ನು ಹೊರಿಸಿ ಹೋಗಿಬಂದು ಮಾಡಿಸಬೇಕಾಗಿತ್ತು.

ಅಲ್ಲಿಂದ ಮುಂದೆ ಬ್ರೇ ಹೆಡ್ ನಡಿಗೆ. ಹೋಗಿಬರಲು ಎರಡು ಗಂಟೆ ಇಟ್ಟುಕೊಳ್ಳಿ. ಕೊನೆಯಲ್ಲಿ ನೆಪೋಲಿಯನ್ ಕಾಲದ ಕಾವಲು ಗೋಪುರ, ಹತ್ತಿರ ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳಿಗೆ ಇದು ತಟಸ್ಥ ದೇಶವೆಂದು ತಿಳಿಸಲು ಕಲ್ಲಿನಲ್ಲಿ ಬರೆದ 'ಏರ' ಎಂಬ ದೇಶದ ಹೆಸರು. ಅಂಚಿಗೆ ಬೇಲಿಯಿಲ್ಲ. ದಡದ ಕಡೆಯಿಂದ ಬೀಸುವ ಗಾಳಿ ಜೋರಿದ್ದರೆ ಗೋಪುರದಿಂದ ಆಚೆ ಹೋಗಬಾರದು.

ಎದುರಿಗೆ ಕಡಲಿನಲ್ಲಿ ಎರಡು ಚೂಪು ಬಂಡೆ, ಸ್ಕೆಲಿಗ್ ದ್ವೀಪಗಳು. ದೊಡ್ಡದಾದ ಸ್ಕೆಲಿಗ್ ಮೈಕಲ್ 218 ಮೀಟರ್ ಎತ್ತರ. 618 ಕಲ್ಲುಮೆಟ್ಟಿಲು ಹತ್ತಿದರೆ ಸನ್ಯಾಸಿಗಳ ಜೇನುಗೂಡಿನಂಥ ಕಲ್ಲುಗುಡಿಸಲುಗಳು, 1996ರಿಂದ ವಿಶ್ವ ಪರಂಪರೆಯ ತಾಣ. ದಿನಕ್ಕೆ ಸುಮಾರು 180 ಜನರಿಗೆ ಮಾತ್ರ ಇಳಿಯಲು ಅನುಮತಿ. ದೋಣಿಗಳು ಪೋರ್ಟ್‌ಮಗೀಯಿಂದ ಹೊರಡುತ್ತವೆ, 100 ಯೂರೋಗೂ ಹೆಚ್ಚು ಬೆಲೆ, ತಿಂಗಳುಗಟ್ಟಲೆ ಮೊದಲೇ ಕಾದಿರಿಸಬೇಕು. ಆಕಾಶ ನೀಲಿಯಾಗಿದ್ದರೂ ದೋಣಿ ರದ್ದಾಗಬಹುದು. ದೂರದ ಬಿರುಗಾಳಿಯಿಂದ ಬರುವ ಉದ್ದ ಅಲೆ ಇಳಿಯುವ ಮೆಟ್ಟಿಲಿನ ಮೇಲೆ ದೋಣಿಯನ್ನು ಎತ್ತಿ ಕುಕ್ಕುತ್ತದೆ, ಅದಕ್ಕೂ ಇಲ್ಲಿಯ ಬಿಸಿಲಿಗೂ ಸಂಬಂಧವಿಲ್ಲ. ಮೊದಲ ದಿನಕ್ಕೇ ಕಾದಿರಿಸಿ, ರದ್ದಾದರೆ ಕೇಳಿಕೊಳ್ಳಲು ಉಳಿದ ದಿನಗಳಿರಲಿ. ಎತ್ತರದ ಭಯ ಇರುವವರು ಹತ್ತಬಾರದು. ಕೈಹಿಡಿ ಇಲ್ಲದ ಆ ಮೆಟ್ಟಿಲಿನಿಂದ 2009ರಲ್ಲಿ ಇಬ್ಬರು ಬಿದ್ದು ಸತ್ತರು.

ಐದನೆಯ ದಿನ: ಸೇತುವೆ ದಾಟಿ ಅಹಕಿಸ್ತಾಕ್ಕೆ

ಪೋರ್ಟ್‌ಮಗೀ ಸೇತುವೆಯಿಂದ ವಾಟರ್‌ವಿಲ್, ಸ್ನೀಮ್, ಕೆನ್ಮೇರ್, ಬ್ಯಾಂಟ್ರಿ, ಡರಸ್ ಮೇಲೆ ಅಹಕಿಸ್ತಾ ಹಳ್ಳಿಗೆ ಸುಮಾರು 150 ಕಿಲೋಮೀಟರ್. ರಸ್ತೆ ಹೇಗಿದೆ ಎಂದರೆ ಮೂರು ಗಂಟೆಗೆ ಕಡಿಮೆ ಹಿಡಿಯಬೇಡಿ. ಕೆನ್ಮೇರ್‌ನಲ್ಲಿ ಊಟ ಮುಗಿಸಿ, ಪೆಟ್ರೋಲ್ ತುಂಬಿಸಿಕೊಳ್ಳಿ.

ಅಹಕಿಸ್ತಾದಲ್ಲಿ ಕಡಲ ಅಂಚಿಗೆ ಕನಿಷ್ಕದ ಸ್ಮಾರಕವಿದೆ. ವ್ಯಾಲೆನ್ಶಿಯಾ ರೇಡಿಯೊ ಆ ಬೆಳಿಗ್ಗೆ ಕರೆ ಕಳಿಸಿದ ಹೊತ್ತಿಗೆ ವಿಮಾನದಲ್ಲಿದ್ದ 329 ಜನರಲ್ಲಿ ಯಾರೂ ಉಳಿದಿರಲಿಲ್ಲ. ಐರ್ಲೆಂಡಿನ ದಂಡೆಯಿಂದ ಸುಮಾರು 190 ಕಿಲೋಮೀಟರ್ ದೂರದ ಆಕಾಶದಲ್ಲಿ ಬಾಂಬು ಸಿಡಿದಿತ್ತು. ಸತ್ತವರಲ್ಲಿ 268 ಜನ ಕೆನಡಾದ ಪ್ರಜೆಗಳು, ಅವರಲ್ಲಿ ಹೆಚ್ಚಿನವರು ಭಾರತ ಮೂಲದವರು. ಭಾರತದ ಪ್ರಜೆಗಳು 24 ಜನ. ಒಂದು ವರ್ಷ ತುಂಬಿದ ದಿನ, 1986ರ ಜೂನ್ 23ರಂದು ಸ್ಮಾರಕವನ್ನು ಅರ್ಪಿಸಿದರು: ನಡುವೆ ಸೂರ್ಯಗಡಿಯಾರ, ಪಕ್ಕದ ಗೋಡೆಯಲ್ಲಿ ಎಲ್ಲರ ಹೆಸರು. ಪ್ರವೇಶಕ್ಕೆ ಹಣವಿಲ್ಲ. ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಕೆಲವು ಹೆಜ್ಜೆ ಇಳಿದರಾಯಿತು.

ಹೂ ತರುವುದಾದರೆ ಬ್ಯಾಂಟ್ರಿಯಲ್ಲೇ ಕೊಂಡುಕೊಳ್ಳಿ, ಅಹಕಿಸ್ತಾದಲ್ಲಿ ಹೂವಿನ ಅಂಗಡಿಯಿಲ್ಲ. ಜೂನ್ 23ಕ್ಕೆ ಬರುವವರು ಬೆಳಿಗ್ಗೆ ಎಂಟಕ್ಕೆ ಮೊದಲೇ ಅಲ್ಲಿರಬೇಕು. ವಿಮಾನ ಮರೆಯಾದ ಹೊತ್ತಿಗೆ, ಎಂಟು ಕಳೆದು ಕಾಲು ಗಂಟೆಯೊಳಗೆ, ದೂರದಿಂದ ಬಂದ ಕುಟುಂಬಗಳ ಜೊತೆ ಊರವರೂ ಕಡಲಿಗೆ ಮುಖ ಮಾಡಿ ಮೌನವಾಗಿ ನಿಲ್ಲುತ್ತಾರೆ.